ಮಾರುತ್ ಹಾರುವುದನ್ನು ನೋಡಬೇಕಿತ್ತು

ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ಒಂದು ಹಳೆಯ ಯುದ್ಧವಿಮಾನ ನಿಂತಿದೆ. ಎಚ್‌ಎಫ್-24 ಮಾರುತ್. ಶಾಲೆಯ ಟ್ರಿಪ್‌ನಲ್ಲಿ ಬಂದಿದ್ದರೆ ನೀವೂ ನೋಡಿರುತ್ತೀರಿ. ಜರ್ಮನಿಯ ವಿಮಾನ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಇಲ್ಲಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ಗೆ ಬಂದು, ಇಲ್ಲಿನ ಎಂಜಿನಿಯರುಗಳ ಜೊತೆ ಕೂತು ರೂಪಿಸಿದ ವಿಮಾನ ಅದು. 1961ರ ಜೂನ್ 17ರಂದು ಪೈಲಟ್ ಸುರಂಜನ್ ದಾಸ್ ಅದನ್ನು ಇದೇ ಊರಿನ ಆಕಾಶಕ್ಕೆ ಮೊದಲ ಸಲ ಏರಿಸಿದರು. ಸುರಂಜನ್ ದಾಸ್ ರಸ್ತೆಗೆ ಹೆಸರು ಬಂದಿದ್ದು ಅವರಿಂದಲೇ. ನಾನು ಕ್ಯಾಮೆರಾ ಹಿಡಿಯುವ ಹೊತ್ತಿಗೆ ಮಾರುತ್ ಹಾರಾಟ ನಿಲ್ಲಿಸಿ ಎಷ್ಟೋ ವರ್ಷ ಆಗಿತ್ತು. ಆದರೂ ಅದು ಹಾರುವ ಫೋಟೋ ನನಗೆ ಬೇಕಿತ್ತು.

ಮೊದಲು ನಿಂತ ವಿಮಾನವನ್ನೇ ತೆಗೆದೆ. ಮಧ್ಯಾಹ್ನದ ಬಿಸಿಲು, ವೈಡ್ ಲೆನ್ಸ್, ತೀರಾ ಹತ್ತಿರ. ಮೂತಿ ಊದಿಕೊಂಡಂತೆ ಬಂತು, ಮೈಯೆಲ್ಲ ಚಪ್ಪಟೆ. ಇನ್ನೊಂದು ದಿನ ಬೆಳಿಗ್ಗೆ ಹೋಗಿ, ಹಿಂದೆ ಸರಿದು, 85 ಎಂಎಂ ಲೆನ್ಸ್ ಹಾಕಿದೆ. ಓರೆ ಬಿಸಿಲಿಗೆ ಅದರ ಸಣ್ಣ ನಡು ಎದ್ದು ಕಂಡಿತು. ಶಬ್ದದ ವೇಗದ ಹತ್ತಿರ ಗಾಳಿಯ ತಡೆ ಕಡಿಮೆಯಾಗಲಿ ಅಂತ ರೆಕ್ಕೆ ಸೇರುವ ಕಡೆ ಮೈಯನ್ನು ಕಿರಿದು ಮಾಡಿದ್ದಾರೆ. ಎಷ್ಟು ಚೆಂದದ ಗೆರೆ ಅದು!

ಹಾರಾಟ ಕಲಿಸಿದ್ದು ಹೆಸರಘಟ್ಟದ ಹದ್ದುಗಳು. ಎರಡು ಚಳಿಗಾಲ ಭಾನುವಾರಗಳಂದು ಅಲ್ಲಿಗೆ ಹೋಗುತ್ತಿದ್ದೆ. ಶಟರ್ ವೇಗವನ್ನು ಸೆಕೆಂಡಿನ 1/1000ಕ್ಕಿಂತ ನಿಧಾನ ಮಾಡಿದರೆ ಫೋಟೋದಲ್ಲಿ ರೆಕ್ಕೆಯ ತುದಿ ಅಲುಗಿ ಮಸುಕಾಗುತ್ತಿತ್ತು. ಬೆಳ್ಳನೆಯ ಆಕಾಶದ ಎದುರು ಕ್ಯಾಮೆರಾ ಹೇಳಿದ ಹಾಗೆ ಕೇಳಿದರೆ ಹದ್ದು ಬರೀ ಕಪ್ಪು. ಎಕ್ಸ್‌ಪೋಷರ್ +1 ಮಾಡಿ, ಅಂದರೆ ಬೆಳಕನ್ನು ದುಪ್ಪಟ್ಟು ಒಳಗೆ ಬಿಟ್ಟ ಮೇಲೆ ಗರಿಗಳು ಕಂಡವು. ಇನ್ನೊಂದು ವಿಷಯ: ಹದ್ದು ಒಂದು ಬದಿಗೆ ವಾಲಿ ತಿರುಗುವಾಗ ಬೆಳಕು ರೆಕ್ಕೆಯ ಮೇಲೆ ಜಾರಿ ಹೋಗುತ್ತದೆ. ಆ ಗಳಿಗೆಯೇ ಹಾರಾಟ ಅಂತ ಕಣ್ಣಿಗೆ ಅನ್ನಿಸುವುದು.

ಆಮೇಲೆ ಮಾರುತ್‌ನ ಪುಟ್ಟ ಮಾಡೆಲ್ ಮಾಡಲು ಕೂತೆ. 1:72 ಅಳತೆಗೆ ಉದ್ದ 22 ಸೆಂಟಿಮೀಟರ್, ರೆಕ್ಕೆಯ ಹರವು ಹನ್ನೆರಡೂವರೆ. ಬಾಲ್ಸಾ ಮರ, ಬ್ಲೇಡು, ಸ್ಯಾಂಡ್‌ಪೇಪರ್. ನಡುವನ್ನು ಉಜ್ಜಲಿಕ್ಕೇ ಮೂರು ವಾರ ಹಿಡಿಯಿತು, ಮ್ಯೂಸಿಯಂ ಫೋಟೋಗಳನ್ನು ಎದುರಿಗಿಟ್ಟುಕೊಂಡು. ಬಣ್ಣದಲ್ಲಿ ಎಡವಿದೆ. ಹೊಳೆಯುವ ಬಣ್ಣ ಬಳಿದಿದ್ದರಿಂದ ಫೋಟೋದಲ್ಲಿ ಆಟಿಕೆಯ ಹಾಗೆ ಕಂಡಿತು. ಮೇಲೆ ಮ್ಯಾಟ್ ವಾರ್ನಿಶ್ ಸ್ಪ್ರೇ ಮಾಡಿದ ಮೇಲೆ ಸರಿಹೋಯಿತು.

ಮಾಡೆಲ್ ದೊಡ್ಡದಾಗಿ ಕಾಣಬೇಕಾದರೆ ಕ್ಯಾಮೆರಾ ಎಲ್ಲಿರಬೇಕು ಗೊತ್ತಾ? ನೆಲದ ಮೇಲೆ ನಿಂತ ಮನುಷ್ಯನ ಕಣ್ಣು ಸುಮಾರು 160 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಅದನ್ನು 72ರಿಂದ ಭಾಗಿಸಿದರೆ ಎರಡು ಸೆಂಟಿಮೀಟರ್ ಚಿಲ್ಲರೆ. ದೊಡ್ಡ ಕ್ಯಾಮೆರಾದ ಲೆನ್ಸ್ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಹಾಗಾಗಿ ಮೊಬೈಲನ್ನು ತಲೆಕೆಳಗು ಮಾಡಿ ನೆಲಕ್ಕೆ ಒರಗಿಸಿದೆ. ಅದರ ಸೆನ್ಸರ್ ಚಿಕ್ಕದಾಗಿರುವುದರಿಂದ ಮೂತಿಯಿಂದ ಬಾಲದ ತನಕ ಫೋಕಸ್ ಕೂಡ ಸಿಗುತ್ತದೆ. ಟೆರೇಸಿನ ಸಿಮೆಂಟ್ ನೆಲವೇ ರನ್‌ವೇ ಆಯಿತು.

ಆಕಾಶಕ್ಕೆ ಏರಿಸುವುದು ಕಷ್ಟ. ನೈಲಾನ್ ದಾರದಲ್ಲಿ ತೂಗುಹಾಕಿದರೆ ಗಾಳಿಗೆ ಗಿರಗಿರ ತಿರುಗಿತು. ಕೊನೆಗೆ ಹಿಂದಿನ ಜೆಟ್ ಕೊಳವೆಯೊಳಗೆ ಸ್ಟೀಲ್ ಕಡ್ಡಿ ತೂರಿಸಿ ನಿಲ್ಲಿಸಿದೆ. ಮುಂದಿನಿಂದ ತೆಗೆದರೆ ಕಡ್ಡಿ ಮೈಯ ಹಿಂದೆ ಮರೆಯಾಗುತ್ತದೆ. ಈ ಸಲ ದೊಡ್ಡ ಕ್ಯಾಮೆರಾದಲ್ಲೇ, ಪೂರ್ತಿ ವಿಮಾನ ಫೋಕಸ್‌ನಲ್ಲಿರಲಿ ಅಂತ ಲೆನ್ಸಿನ ಕಿಂಡಿ ಕಿರಿದು ಮಾಡಿ ಎಫ್/16 ಇಟ್ಟು, ಹದ್ದಿಗೆ ಮಾಡಿದ ಹಾಗೆಯೇ +1 ಮಾಡಿದೆ. ಹದ್ದು ವಾಲಿದಷ್ಟೇ ಮಾಡೆಲನ್ನೂ ವಾಲಿಸಿದೆ. ಬೆಳಿಗ್ಗೆ ಏಳರ ಸುಮಾರಿಗೆ ಮಳೆಮೋಡದ ಸಂದಿಯಿಂದ ಓರೆ ಬಿಸಿಲು ಬಂತು. ಹತ್ತೇ ನಿಮಿಷ.

ಆ ಹತ್ತು ನಿಮಿಷದಲ್ಲಿ ತೆಗೆದವುಗಳಲ್ಲಿ ಮೂರು ಇಟ್ಟುಕೊಂಡೆ. ಒಂದರಲ್ಲಿ ಬಿಸಿಲು ರೆಕ್ಕೆಯಿಂದ ಜಾರಿ ಆ ಸಣ್ಣ ನಡುವಿನ ಮೇಲೆ ಬಿದ್ದಿದೆ.