ನಗರದಂಚಿನ ಬೆಟ್ಟಕ್ಕೆ ಬೆಂಕಿ ಬೀಳದಂತೆ ಕಾಯುವುದು ಹೇಗೆ? ಬಿದ್ದರೆ ನಂದಿಸುವುದು ಹೇಗೆ?

ನಗರಕ್ಕೆ ಒತ್ತಿಕೊಂಡಿರುವ ಬೆಟ್ಟಕ್ಕೆ ಬೆಂಕಿ ಬಿದ್ದಾಗ ಎಲ್ಲರ ಕಣ್ಣೂ ಜ್ವಾಲೆಯ ಮೇಲೆಯೇ ಇರುತ್ತದೆ. ಆದರೆ ಬೆಟ್ಟ ಉಳಿಯುತ್ತದೆಯೋ ಸುಟ್ಟುಹೋಗುತ್ತದೆಯೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಜ್ವಾಲೆ ಏಳುವುದಕ್ಕೆ ಮೊದಲಿನ ತಿಂಗಳುಗಳಲ್ಲಿ ಮತ್ತು ಜ್ವಾಲೆ ಅಡಗಿದ ಮೇಲಿನ ದಿನಗಳಲ್ಲಿ. 1991ರ ಅಕ್ಟೋಬರ್ 19ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದ ಬೆಟ್ಟದಲ್ಲಿ ಕೆಲವೇ ಎಕರೆಯಷ್ಟು ಹುಲ್ಲು ಉರಿದಿತ್ತು. ಅಗ್ನಿಶಾಮಕ ಸಿಬ್ಬಂದಿ ಅದನ್ನು ಹತೋಟಿಗೆ ತಂದಿದ್ದರು. ಮರುದಿನ ಬಿಸಿಯಾದ ಒಣಗಾಳಿ ಬೀಸಿದಾಗ ನೆಲದಲ್ಲಿ ಉಳಿದಿದ್ದ ಕೆಂಡ ಮತ್ತೆ ಹೊತ್ತಿಕೊಂಡು ಮನೆಗಳ ಸಾಲಿನತ್ತ ನುಗ್ಗಿತು. 25 ಜನರು ಸತ್ತರು, ಸುಮಾರು 3,000 ಮನೆಗಳು ಸುಟ್ಟವು. ಆದ್ದರಿಂದ ಈ ಲೇಖನದಲ್ಲಿ ನೀರು ಹಾಯಿಸುವ ವಿಚಾರಕ್ಕಿಂತ ಅದರ ಹಿಂದುಮುಂದಿನ ಕೆಲಸಗಳಿಗೇ ಹೆಚ್ಚು ಜಾಗ ಕೊಡಲಾಗಿದೆ.

ಬೆಟ್ಟದ ತಪ್ಪಲಿನಲ್ಲಿ ವಾಸಿಸುವವರು, ಬಡಾವಣೆಯ ಸಂಘಗಳು, ಸ್ವಯಂಸೇವಕರಾಗಿ ಮುಂದೆ ಬರುವವರು ಇಲ್ಲಿನ ಓದುಗರು. ಬೆಟ್ಟದಲ್ಲಿ ಬೆಂಕಿರೇಖೆ ತೆಗೆಯುವುದು, ಹುಲ್ಲು ಸುಡುವುದು, ಜ್ವಾಲೆಯ ಎದುರು ನಿಲ್ಲುವುದು ಇವೆಲ್ಲವೂ ಅರಣ್ಯ ಮತ್ತು ಅಗ್ನಿಶಾಮಕ ಇಲಾಖೆಗಳ ಅನುಮತಿ ಮತ್ತು ಮುಂದಾಳತ್ವದಲ್ಲಿಯೇ ನಡೆಯಬೇಕು. ತರಬೇತಿಯಿಲ್ಲದವರು ಉತ್ಸಾಹದಿಂದ ಬೆಟ್ಟ ಹತ್ತಿದರೆ ಸಿಬ್ಬಂದಿಗೆ ನೆರವಾಗುವುದಿಲ್ಲ, ಕಾಪಾಡಬೇಕಾದವರ ಸಂಖ್ಯೆ ಹೆಚ್ಚುತ್ತದೆ ಅಷ್ಟೆ.

ಮೊದಲು ಇಳಿಜಾರನ್ನು ಅರಿಯಿರಿ

ಸಮತಟ್ಟು ನೆಲದ ಬೆಂಕಿಗೂ ಇಳಿಜಾರಿನ ಬೆಂಕಿಗೂ ಇರುವ ವ್ಯತ್ಯಾಸ ತಿಳಿಯದೆ ಮಾಡಿಕೊಂಡ ಸಿದ್ಧತೆ ಕೆಲಸಕ್ಕೆ ಬರುವುದಿಲ್ಲ. ಇಳಿಜಾರಿನಲ್ಲಿ ಜ್ವಾಲೆ ಮೇಲಿನ ಹುಲ್ಲಿಗೆ ಹತ್ತಿರವಾಗಿರುತ್ತದೆ, ಬಿಸಿಗಾಳಿಯೂ ಅದನ್ನು ಸವರಿಕೊಂಡೇ ಮೇಲೇರುತ್ತದೆ. ಹೀಗಾಗಿ ಬೆಂಕಿ ಬಂದು ಮುಟ್ಟುವಷ್ಟರಲ್ಲಿ ಆ ಹುಲ್ಲು ತೇವವೆಲ್ಲ ಆರಿ ಹೊತ್ತಿಕೊಳ್ಳಲು ಸಿದ್ಧವಾಗಿರುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದಂತೆಲ್ಲ ಮೇಲೇರುವ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಅಗ್ನಿಶಾಮಕರು ನಂಬಿ ನಡೆಯುವ ಅಂದಾಜು. ಆ ಲೆಕ್ಕದಲ್ಲಿ 20 ಡಿಗ್ರಿಯ ಇಳಿಜಾರಿನಲ್ಲಿ ವೇಗ 4 ಪಟ್ಟು, 30 ಡಿಗ್ರಿಯಲ್ಲಿ 8 ಪಟ್ಟು. ಏರು ಹತ್ತುವ ಮನುಷ್ಯನ ವೇಗವಾದರೋ ಕುಗ್ಗುತ್ತಲೇ ಹೋಗುತ್ತದೆ. 1949ರ ಆಗಸ್ಟ್ 5ರಂದು ಅಮೆರಿಕದ ಮೊಂಟಾನಾದ ಮ್ಯಾನ್ ಗಲ್ಚ್ ಕಣಿವೆಯಲ್ಲಿ ತರಬೇತಿ ಪಡೆದ 13 ಅಗ್ನಿಶಾಮಕರು ಪ್ರಾಣ ಕಳೆದುಕೊಂಡದ್ದು ಬೆನ್ನಟ್ಟಿ ಬಂದ ಬೆಂಕಿಯಿಂದ ಪಾರಾಗಲು ಏರು ಹತ್ತಿ ಓಡಬೇಕಾಗಿ ಬಂದದ್ದರಿಂದ.

ಬೆಟ್ಟದ ಮೈಮೇಲಿನ ಕಿರಿದಾದ ಕೊರಕಲುಗಳು ಹೊಗೆಗೂಡಿನಂತೆ ಬಿಸಿಗಾಳಿಯನ್ನು ಮೇಲಕ್ಕೆಳೆಯುತ್ತವೆ. ಬೆಂಕಿ ಅಲ್ಲಿಗೆ ಹೊಕ್ಕರೆ ನಿಮಿಷಗಳಲ್ಲಿ ನೆತ್ತಿ ಮುಟ್ಟಬಹುದು. ಗಾಳಿಗೂ ಒಂದು ದಿನಚರಿ ಇದೆ. ಹಗಲಿನಲ್ಲಿ ಕಾದ ಇಳಿಜಾರಿನ ಗಾಳಿ ಮೇಲಕ್ಕೆ ಹರಿಯುತ್ತದೆ, ಕತ್ತಲಾದ ಮೇಲೆ ತಣಿದ ಗಾಳಿ ಕೆಳಕ್ಕೆ ಇಳಿಯುತ್ತದೆ. ಮಧ್ಯಾಹ್ನ ನೆತ್ತಿಯ ಕಡೆಗೆ ಹೋದ ಬೆಂಕಿ ಇನ್ನು ಬಡಾವಣೆಯತ್ತ ಬಾರದು ಎಂದು ನಿಶ್ಚಿಂತರಾಗುವಂತಿಲ್ಲ. ಅದೂ ಅಲ್ಲದೆ ಉರಿಯುವ ಕೊರಡು, ಮರದ ಕಾಯಿಗಳು ಉರುಳಿ ಬಂದು ಕೆಳಗೆ ಹೊಸ ಬೆಂಕಿ ಹಚ್ಚುತ್ತವೆ.

ಇನ್ನೊಂದು ಮಾತು ಇಂಧನದ ಬಗ್ಗೆ. 6 ಮಿಲಿಮೀಟರಿಗಿಂತ ತೆಳುವಾದ ಒಣಹುಲ್ಲು, ತರಗೆಲೆ, ಕಡ್ಡಿಗಳ ತೇವ ಸುತ್ತಲ ಗಾಳಿಯ ತೇವಕ್ಕೆ ತಕ್ಕಂತೆ ಹೆಚ್ಚುಕಡಿಮೆ ಒಂದು ಗಂಟೆಯೊಳಗೆ ಬದಲಾಗುತ್ತದೆ. ನಿನ್ನೆ ಹನಿ ಮಳೆ ಬಿದ್ದಿತ್ತು ಎಂಬುದು ಇಂದಿನ ಮಧ್ಯಾಹ್ನಕ್ಕೆ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಹುಲ್ಲು ಒಣಗುವ ಮೊದಲು ಮಾಡಬೇಕಾದದ್ದು

ಬೆಟ್ಟದ ನಕ್ಷೆಯೊಂದನ್ನು ಮುಂದಿಟ್ಟುಕೊಂಡು ಕಾಲುದಾರಿಗಳು, ಬಂಡೆಯ ಹರಹುಗಳು, ತೊರೆಗಳು, ನೀರು ಸಿಗುವ ಜಾಗಗಳು, ವಾಹನ ಹೋಗಬಲ್ಲ ರಸ್ತೆಗಳು, ವಿದ್ಯುತ್ ತಂತಿಗಳು ಮತ್ತು ಹಿಂದೆ ಬೆಂಕಿ ಹುಟ್ಟಿದ ಜಾಗಗಳನ್ನು ಗುರುತಿಸಿ. ರಸ್ತೆಗೆ ಗೇಟು ಇದ್ದರೆ ಅದರ ಕೀಲಿ ಯಾರ ಬಳಿ ಇದೆ ಎಂಬುದನ್ನೂ ಬರೆದಿಡಿ. ಅಗ್ನಿಶಾಮಕ ವಾಹನ ಬೀಗದ ಮುಂದೆ ಕಾಯುತ್ತ ನಿಂತಿರುವ ಹೊತ್ತಿನಲ್ಲಿ ಒಂದಿಡೀ ಇಳಿಜಾರು ಉರಿದುಹೋಗಬಹುದು.

ಬೆಂಕಿರೇಖೆ ತೆಗೆಯುವುದು ಈ ಹಂತದ ಮುಖ್ಯ ಕೆಲಸ. ಉರಿಯುವ ವಸ್ತುವೇ ಇಲ್ಲದ ಬರಿಮಣ್ಣಿನ ಪಟ್ಟಿ ಅದು. ಈಗಾಗಲೇ ಇರುವ ರಸ್ತೆ, ಬಂಡೆ, ತೊರೆಗಳನ್ನು ಜೋಡಿಸುತ್ತ ಹೋದರೆ ಅರ್ಧ ಶ್ರಮ ಉಳಿಯುತ್ತದೆ. ಕಡಿದಾದ ಇಳಿಜಾರಿನ ನಟ್ಟನಡುವೆ ತೆಗೆದ ರೇಖೆಯನ್ನು ಕೆಳಗಿನಿಂದ ಏರಿ ಬರುವ ಬೆಂಕಿ ಸುಲಭವಾಗಿ ದಾಟುತ್ತದೆ. ಬೆಟ್ಟದ ಏಣಿನ ಮೇಲೆ, ಸಾಧ್ಯವಾದರೆ ಏಣಿನಿಂದ ತುಸು ಆಚೆಗೆ ತೆಗೆದ ರೇಖೆಗೆ ಹೆಚ್ಚು ತಡೆಯುವ ಶಕ್ತಿ ಇರುತ್ತದೆ. ಅಗಲ ಇಷ್ಟೇ ಎಂದು ಎಲ್ಲ ಕಡೆಗೂ ಹೊಂದುವ ಅಳತೆಯಿಲ್ಲ. ಹುಲ್ಲು ಎತ್ತರವಾದಷ್ಟೂ, ಇಳಿಜಾರು ಕಡಿದಾದಷ್ಟೂ ಅಗಲ ಹೆಚ್ಚಬೇಕು. ಹುಲ್ಲನ್ನು ಕೊಯ್ದು ಬಿಟ್ಟರೆ ಸಾಲದು, ಗುದ್ದಲಿಯಿಂದ ಬೇರಿನ ಪದರವನ್ನೂ ಕೆರೆದು ಮಣ್ಣು ಕಾಣುವಂತೆ ಮಾಡಬೇಕು, ಏಕೆಂದರೆ ಬೆಂಕಿ ಬೇರಿನ ಗುಂಟವೂ ನಿಧಾನವಾಗಿ ದಾಟಬಲ್ಲದು. ಕೊಯ್ದ ಹುಲ್ಲು, ಪೊದೆಗಳನ್ನು ರೇಖೆಯ ಅಂಚಿನಲ್ಲಿಯೇ ರಾಶಿ ಹಾಕಿ ಬಿಡುವುದನ್ನು ಕಾಣುತ್ತೇವೆ. ಜ್ವಾಲೆ ಅಲ್ಲಿ ಆಳೆತ್ತರಕ್ಕೆ ಎದ್ದು ರೇಖೆಯನ್ನು ದಾಟುವುದಕ್ಕೆ ಅದಕ್ಕಿಂತ ಒಳ್ಳೆಯ ನೆರವು ಬೇರೆ ಬೇಕಿಲ್ಲ. ಎಲೆ ಉದುರುವ ಕಾಲದಲ್ಲಿ ರೇಖೆಯ ಮೇಲೆ ಮತ್ತೆ ತರಗು ತುಂಬುತ್ತದೆ, ಆದ್ದರಿಂದ ಬೇಸಿಗೆ ಮುಗಿಯುವವರೆಗೂ ಆಗಾಗ ಗುಡಿಸುತ್ತಿರಬೇಕು.

ಮುಂಚಿತವಾಗಿ, ಹತೋಟಿಯಲ್ಲಿಟ್ಟು ಹುಲ್ಲು ಸುಡುವುದು ಸರಿಯೇ ಎಂಬುದಕ್ಕೆ ಎಲ್ಲ ಬೆಟ್ಟಗಳಿಗೂ ಒಂದೇ ಉತ್ತರವಿಲ್ಲ. ದಕ್ಷಿಣ ಆಫ್ರಿಕಾದ ಕೇಪ್ ಟೌನ್ ನಗರದ ನಡುವೆಯೇ ಎದ್ದು ನಿಂತಿರುವ ಟೇಬಲ್ ಮೌಂಟನ್‌ನ ಫಿನ್‌ಬೋಸ್ ಎಂಬ ಕುರುಚಲು ಸಸ್ಯವರ್ಗ ಬೆಂಕಿಗೆ ಹೊಂದಿಕೊಂಡೇ ಬೆಳೆದುಬಂದದ್ದು. ಅದರ ಎಷ್ಟೋ ಗಿಡಗಳ ಬೀಜ ಮೊಳೆಯುವುದೇ ಬೆಂಕಿ ಹಾದುಹೋದ ಮೇಲೆ. ಅಂಥ ಕಡೆ ದಶಕಗಟ್ಟಲೆ ಬೆಂಕಿಯನ್ನು ತಡೆದರೆ ಇಂಧನ ರಾಶಿಬೀಳುತ್ತದೆ, ಹೊರಗಿನಿಂದ ಬಂದ ಪೈನ್‌ನಂಥ ಮರಗಳು ಹಬ್ಬಿದರಂತೂ ಬೆಂಕಿಯ ಕಾವು ಇನ್ನಷ್ಟು ಹೆಚ್ಚುತ್ತದೆ. 2021ರ ಏಪ್ರಿಲ್ 18ರಂದು ಆ ಬೆಟ್ಟದ ಇಳಿಜಾರಿನಿಂದ ಬಂದ ಬೆಂಕಿ ಕೇಪ್ ಟೌನ್ ವಿಶ್ವವಿದ್ಯಾಲಯದ ಆವರಣವನ್ನು ಹೊಕ್ಕು, ಅಪರೂಪದ ಸಂಗ್ರಹಗಳಿದ್ದ ಜ್ಯಾಗರ್ ಗ್ರಂಥಾಲಯದ ವಾಚನಾಲಯವನ್ನೇ ಸುಟ್ಟಿತು. ಇದಕ್ಕೆ ವಿರುದ್ಧವಾಗಿ, ತೇವದ ದಟ್ಟ ಕಾಡಿರುವ ಬೆಟ್ಟದಲ್ಲಿ ಬೆಂಕಿ ಹಾಕುವುದು ಕೆಡುಕನ್ನೇ ಮಾಡುತ್ತದೆ: ಸಸಿಗಳು ಸತ್ತು ತೆರವಾದ ಜಾಗವನ್ನು ಹುಲ್ಲು ಮತ್ತು ಕಳೆ ಆಕ್ರಮಿಸುತ್ತವೆ, ಬೆಟ್ಟ ಮರುವರ್ಷ ಇನ್ನೂ ಬೇಗ ಹೊತ್ತಿಕೊಳ್ಳುತ್ತದೆ. ತಮ್ಮ ಬೆಟ್ಟ ಯಾವ ಬಗೆಯದು ಎಂದು ಸಸ್ಯತಜ್ಞರನ್ನು ಕೇಳದೆ ಯಾರೂ ಈ ಕೆಲಸಕ್ಕೆ ಕೈಹಾಕಬಾರದು.

ಮನೆಯ ಸುತ್ತ

ಮನೆಗಳು ಸುಡುವುದು ಹೆಚ್ಚಾಗಿ ಜ್ವಾಲೆಯ ಗೋಡೆ ಬಂದು ಅಪ್ಪಳಿಸುವುದರಿಂದ ಅಲ್ಲ, ಗಾಳಿಯಲ್ಲಿ ತೂರಿಬಂದ ಕಿಡಿಗಳಿಂದ. ಆದ್ದರಿಂದ ಗೋಡೆಯಿಂದ 1.5 ಮೀಟರಿನೊಳಗೆ ಸೌದೆ, ತರಗು, ಒಣಗಿದ ಬಳ್ಳಿ ಯಾವುದೂ ಇರಕೂಡದು. 9 ಮೀಟರಿನವರೆಗೆ ಹುಲ್ಲನ್ನು ಗಿಡ್ಡವಾಗಿ ಇಟ್ಟು, ಗಿಡಗಳ ನಡುವೆ ಅಂತರ ಬಿಡಬೇಕು. 30 ಮೀಟರಿನವರೆಗೆ ಮರಗಳ ಕೆಳಗೊಂಬೆಗಳನ್ನು ಸುಮಾರು 2 ಮೀಟರ್ ಎತ್ತರದವರೆಗೆ ಸವರಬೇಕು, ಇಲ್ಲವಾದರೆ ನೆಲದ ಬೆಂಕಿ ಅವುಗಳನ್ನು ಹಿಡಿದು ಮರದ ತಲೆಗೆ ಏರುತ್ತದೆ. ಮನೆ ಇಳಿಜಾರಿನಲ್ಲಿದ್ದರೆ ಕೆಳಬದಿಯಲ್ಲಿ ಈ ಅಳತೆಗಳನ್ನು ಇನ್ನೂ ಹೆಚ್ಚಿಸಿಕೊಳ್ಳಿ. ಛಾವಣಿಯಲ್ಲಿ, ಮಳೆನೀರು ಹರಿಯುವ ದೋಣಿಯಲ್ಲಿ ಎಲೆ ನಿಲ್ಲದಂತೆ ನೋಡಿಕೊಳ್ಳಿ. ಗಾಳಿಗಿಂಡಿಗಳಿಗೆ 3 ಮಿಲಿಮೀಟರ್ ಕಣ್ಣಿನ ಲೋಹದ ಜಾಲರಿ ಹೊದಿಸಿ.

ನಗರದಂಚಿನ ಬೆಟ್ಟಗಳಿಗೆ ಬೆಂಕಿ ಬೀಳುವುದು ಬಹುತೇಕ ಮನುಷ್ಯರಿಂದಲೇ: ಕಸಕ್ಕೆ ಹಚ್ಚಿದ ಬೆಂಕಿ, ಆರಿಸದೆ ಬಿಟ್ಟ ಅಡುಗೆ ಒಲೆ, ಸಿಗರೇಟಿನ ತುಂಡು, ಪಟಾಕಿ, ವೆಲ್ಡಿಂಗ್ ಕಿಡಿ, ಜೋತುಬಿದ್ದ ವಿದ್ಯುತ್ ತಂತಿ, ಒಣಹುಲ್ಲಿನ ಮೇಲೆ ನಿಲ್ಲಿಸಿದ ವಾಹನದ ಕಾದ ಸೈಲೆನ್ಸರ್. ಗಾಳಿ ಜೋರಾಗಿರುವ ಒಣದಿನಗಳಂದು ಬೆಟ್ಟಕ್ಕೆ ಪ್ರವೇಶವನ್ನೇ ನಿಲ್ಲಿಸುವುದು ಕೆಲವರಿಗೆ ಬೇಸರ ತಂದರೂ ಅದು ಸರಿಯಾದ ಕ್ರಮ ಎಂದೇ ಈ ಲೇಖಕನ ಅಭಿಪ್ರಾಯ.

ಹೊಗೆ ಕಂಡೊಡನೆ

ಉಪಗ್ರಹಗಳು ಬೆಂಕಿಯನ್ನು ಪತ್ತೆ ಮಾಡುತ್ತವೆ ಎಂದು ಕಾವಲನ್ನು ಸಡಿಲಿಸಬಾರದು. ಈ ಕೆಲಸಕ್ಕೆ ಹೆಚ್ಚು ಬಳಕೆಯಾಗುವ ವಿಐಐಆರ್‌ಎಸ್ ಉಪಕರಣ ನೆಲವನ್ನು 375 ಮೀಟರಿನ ಚೌಕಗಳಾಗಿ ನೋಡುತ್ತದೆ, ಅದನ್ನು ಹೊತ್ತ ಉಪಗ್ರಹಗಳು ಒಂದು ಜಾಗದ ಮೇಲೆ ದಿನಕ್ಕೆ ಕೆಲವು ಸಲ ಮಾತ್ರ ಹಾಯುತ್ತವೆ. ಎತ್ತರದಲ್ಲಿ ಕುಳಿತ ಕಾವಲುಗಾರನ ಕಣ್ಣು ಅದಕ್ಕಿಂತ ಎಷ್ಟೋ ಮೊದಲು ಹೊಗೆಯ ಎಳೆಯನ್ನು ಕಾಣುತ್ತದೆ.

ಕರೆ ಮಾಡುವಾಗ ಬೆಂಕಿ ಬುಡದಲ್ಲಿದೆಯೋ ನಡುವಿನಲ್ಲಿದೆಯೋ ನೆತ್ತಿಯಲ್ಲಿದೆಯೋ, ಹೊಗೆ ಯಾವ ದಿಕ್ಕಿಗೆ ವಾಲಿದೆ, ಉರಿಯುತ್ತಿರುವುದು ಹುಲ್ಲೋ ಮರವೋ, ಮೇಲೆ ಜನ ಇದ್ದಾರೆಯೇ, ವಾಹನ ಯಾವ ಕಡೆಯಿಂದ ಬರಬೇಕು ಎಂಬುದನ್ನು ಹೇಳಿ. ಆಮೇಲೆ ರಸ್ತೆಯನ್ನು ತೆರವುಗೊಳಿಸಿ. ನೋಡಲು ಬಂದವರ ವಾಹನಗಳು ಕಿರುದಾರಿಯಲ್ಲಿ ಸಿಕ್ಕಿಕೊಂಡರೆ ಮನೆ ಬಿಟ್ಟು ಹೊರಡುವವರಿಗೂ ದಾರಿಯಿರುವುದಿಲ್ಲ.

ನಂದಿಸುವಾಗ

ಕೆಲಸ ಶುರುವಾಗುವ ಮೊದಲು ನಾಲ್ಕು ಸಂಗತಿಗಳು ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಬೆಂಕಿಯನ್ನು ದೂರದಿಂದ ನೋಡುತ್ತ ಎಚ್ಚರಿಸುವವರು ಯಾರು, ಮಾತು ತಲುಪುವುದು ಹೇಗೆ, ಹಿಂದೆ ಸರಿಯುವ ದಾರಿ ಯಾವುದು, ಆ ದಾರಿ ಮುಟ್ಟುವ ಸುರಕ್ಷಿತ ಜಾಗ ಎಲ್ಲಿದೆ. ಇವುಗಳಲ್ಲಿ ಒಂದಕ್ಕೆ ಉತ್ತರವಿಲ್ಲದಿದ್ದರೂ ಮುಂದೆ ಹೋಗಬಾರದು. ಈಗಾಗಲೇ ಚೆನ್ನಾಗಿ ಸುಟ್ಟು ಕರಿಯಾದ ನೆಲ ಅನೇಕ ಸಲ ಎಲ್ಲಕ್ಕಿಂತ ಸುರಕ್ಷಿತವಾದ ಜಾಗ. ಮ್ಯಾನ್ ಗಲ್ಚ್‌ನಲ್ಲಿ ತಂಡದ ನಾಯಕ ವ್ಯಾಗ್ನರ್ ಡಾಡ್ಜ್ ತನ್ನ ಮುಂದಿನ ಹುಲ್ಲಿಗೆ ತಾನೇ ಬೆಂಕಿ ಹಚ್ಚಿ, ಅದು ಸುಟ್ಟ ಜಾಗದಲ್ಲಿ ಮಲಗಿ ಬದುಕಿ ಉಳಿದರು.

ಉಡುಪು ಹತ್ತಿಯದಾಗಿರಲಿ, ಮೈ ಪೂರ್ತಿ ಮುಚ್ಚಲಿ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಎನ್-95 ಮುಖಗವಸು ಹೊಗೆಯ ಕಣಗಳನ್ನು ತಡೆಯುತ್ತದೆಯೇ ಹೊರತು ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ತಡೆಯುವುದಿಲ್ಲ. ತಲೆನೋವು, ತಲೆಸುತ್ತು ಕಂಡರೆ ಕೂಡಲೇ ಶುದ್ಧ ಗಾಳಿಗೆ ಬರಬೇಕು.

ಜ್ವಾಲೆ ಸುಮಾರು 1.2 ಮೀಟರಿಗಿಂತ ಉದ್ದವಾಗಿದ್ದರೆ ಕೈ ಉಪಕರಣ ಹಿಡಿದು ಅದರ ಎದುರು ನಿಲ್ಲುವಂತಿಲ್ಲ. ಅದಕ್ಕಿಂತ ಚಿಕ್ಕದಾಗಿದ್ದರೂ ಮುಂತಲೆಗೆ ಎದುರಾಗದೆ, ರಸ್ತೆ ಅಥವಾ ಬಂಡೆಯಂಥ ಭದ್ರ ನೆಲೆಯಿಂದ ಹಿಂಬದಿಯಲ್ಲಿ ಶುರುಮಾಡಿ, ಎರಡೂ ಪಕ್ಕಗಳನ್ನು ಕಿರಿದಾಗಿಸುತ್ತ ಸಾಗಬೇಕು. ಮೇಲೇರುತ್ತಿರುವ ಬೆಂಕಿಯ ಮೇಲ್ಭಾಗದಲ್ಲಿ ಯಾರೂ ನಿಲ್ಲಬಾರದು. ಹಸಿಸೊಪ್ಪಿನ ಕೊಂಬೆಯನ್ನಾಗಲಿ ಬಡಿಗೆಯನ್ನಾಗಲಿ ತಲೆಯ ಮೇಲೆತ್ತಿ ಬಡಿದರೆ ಕಿಡಿಗಳು ಸುಡದ ಹುಲ್ಲಿಗೆ ಹಾರುತ್ತವೆ. ಜ್ವಾಲೆಯ ಬುಡದ ಮೇಲೆ ಅದನ್ನು ಒತ್ತಿ ಹಿಡಿದು, ಸುಟ್ಟ ಕಡೆಗೆ ಎಳೆಯಬೇಕು. ಬೆನ್ನಿಗೆ ಕಟ್ಟಿದ ಪಂಪಿನ ನೀರನ್ನೂ ಜ್ವಾಲೆಯ ತುದಿಗಲ್ಲ, ಬುಡಕ್ಕೆ ಹಾಯಿಸಬೇಕು. ಎದುರು ಬೆಂಕಿ ಕೊಡುವುದು, ಅಂದರೆ ಬರುತ್ತಿರುವ ಬೆಂಕಿಗೆ ಇಂಧನ ಸಿಗದಂತೆ ಅದರ ಮುಂದಿನ ಹುಲ್ಲನ್ನು ಮೊದಲೇ ಸುಟ್ಟುಬಿಡುವುದು, ಮುಂದಾಳುಗಳ ತೀರ್ಮಾನ. ಸ್ವಯಂಸೇವಕರು ಅದಕ್ಕೆ ಕೈಹಾಕಕೂಡದು.

ಬೂದಿಯ ಕೆಳಗಿನ ಕೆಂಡ

ಜ್ವಾಲೆ ಅಡಗಿದಾಗ ತಂಡಕ್ಕೆ ದಣಿವಾಗಿರುತ್ತದೆ, ಮನೆಗೆ ಹೋಗುವ ಆತುರವಿರುತ್ತದೆ. ಬೇಸರ ಹುಟ್ಟಿಸುವ, ಆದರೆ ಬಿಡಲೇಬಾರದ ಕೆಲಸ ಶುರುವಾಗುವುದು ಈಗ. ಸುಟ್ಟ ಜಾಗದ ಅಂಚಿನಿಂದ ಒಳಕ್ಕೆ ಹೋಗುತ್ತ ಪ್ರತಿಯೊಂದು ಮೋಟು, ಬಿದ್ದ ಕೊರಡು, ಸಗಣಿಯ ಗುಪ್ಪೆ, ತರಗಿನ ದಪ್ಪ ಪದರಗಳನ್ನು ಕೆದಕಿ ನೋಡಬೇಕು. ಮೊದಲು ಬರಿಗೈಯ ಹಿಂಬದಿಯನ್ನು ಬೂದಿಯಿಂದ ತುಸು ಮೇಲೆ ಹಿಡಿದು ಕಾವನ್ನು ಅರಿಯಿರಿ. ಕಾವು ತಟ್ಟದಿದ್ದರೆ ಮಾತ್ರ ನಿಧಾನವಾಗಿ ಮುಟ್ಟಿ ನೋಡಿ. ಕಾವಿದ್ದರೆ ನೀರು ಸುರಿದು, ಸಲಿಕೆಯಿಂದ ಮಗುಚಿ, ಮತ್ತೆ ನೀರು ಸುರಿದು ಮಣ್ಣಿನೊಡನೆ ಕಲಸಬೇಕು. ಮೇಲೆ ಬರಿಯ ಮಣ್ಣು ಮುಚ್ಚಿ ಹೋಗುವುದರಿಂದ ಕೆಂಡ ಆರುವುದಿಲ್ಲ, ಒಳಗೇ ಬಹಳ ಹೊತ್ತು ಉಳಿಯುತ್ತದೆ. ಮೋಟಿನ ಬುಡದಲ್ಲಿ ಬೇರು ಸುಟ್ಟು ಸುರಂಗವಾಗಿದ್ದರೆ ಅದು ಹೋದ ದಿಕ್ಕಿಗೆ ಅಗೆಯಿರಿ, ಅದರ ಇನ್ನೊಂದು ತುದಿ ಬೆಂಕಿರೇಖೆಯ ಆಚೆಗೆ ಇರಬಹುದು. ಉರುಳಬಹುದಾದ ಕೊರಡುಗಳನ್ನು ಇಳಿಜಾರಿಗೆ ಅಡ್ಡವಾಗಿರದಂತೆ ತಿರುಗಿಸಿಟ್ಟು, ಕೆಳಬದಿಯಲ್ಲಿ ಕಾಲುವೆ ತೋಡಿ. ಒಳಗೆ ಸುಟ್ಟು ಟೊಳ್ಳಾದ ಮರಗಳು ಸದ್ದಿಲ್ಲದೆ ಬೀಳುತ್ತವೆ, ಅವುಗಳ ಅಡಿಯಲ್ಲಿ ನಿಲ್ಲಬೇಡಿ. ಕನಿಷ್ಠ ಮರುದಿನದ ಮಧ್ಯಾಹ್ನದ ಬಿಸಿಲು ಗಾಳಿ ಕಳೆಯುವವರೆಗಾದರೂ ಕಾವಲು ಇರಲೇಬೇಕು.

ಮಳೆ ಬರುವ ಮೊದಲು

ಬೇರು ಸತ್ತ ಇಳಿಜಾರು ಮಳೆಯನ್ನು ಹಿಡಿದಿಡಲಾರದು. 2018ರ ಜನವರಿ 9ರಂದು ಕ್ಯಾಲಿಫೋರ್ನಿಯಾದ ಮಾಂಟೆಸಿಟೋದಲ್ಲಿ, ಕೆಲವೇ ವಾರಗಳ ಹಿಂದೆ ಸುಟ್ಟಿದ್ದ ಬೆಟ್ಟದ ಮೇಲೆ ಜೋರು ಮಳೆ ಸುರಿದು, ಕೆಸರು ಮತ್ತು ಬಂಡೆಗಳು ಮನೆಗಳ ಮೇಲೆ ನುಗ್ಗಿ 20ಕ್ಕೂ ಹೆಚ್ಚು ಜನ ಸತ್ತರು. ಆದುದರಿಂದ ಸುಟ್ಟ ಜಾಗದಲ್ಲಿ ನೆಲಕ್ಕೆ ಹುಲ್ಲುಹೊದಿಕೆ ಹಾಕಿ, ತಣ್ಣಗಾದ ಕೊರಡುಗಳನ್ನು ಗೂಟ ಹೊಡೆದು ಇಳಿಜಾರಿಗೆ ಅಡ್ಡಲಾಗಿ ಭದ್ರಪಡಿಸಿ, ಕೆಳಗಿನ ಚರಂಡಿಗಳ ಹೂಳು ತೆಗೆಸಿ, ಭಾರಿ ಮಳೆಯ ಮುನ್ಸೂಚನೆ ಬಂದ ದಿನ ಕೊರಕಲಿನ ಬಾಯಲ್ಲಿರುವ ಮನೆಗಳವರು ಬೇರೆಡೆ ಹೋಗಲು ಏರ್ಪಾಡು ಮಾಡಬೇಕು. ಆತುರದಿಂದ ಸಸಿ ನೆಡುವ ಅಗತ್ಯವಿಲ್ಲ. ಒಂದು ಮಳೆಗಾಲ ಕಾದು ಯಾವುದು ತಾನಾಗಿ ಚಿಗುರುತ್ತದೆ ಎಂದು ನೋಡಿದ ಮೇಲೆ ಬರಿದಾಗಿ ಉಳಿದ ಕಡೆ ಮಾತ್ರ ನೆಟ್ಟರೆ ಸಾಕು. ಬೆಂಕಿ ಹುಟ್ಟಿದ ಜಾಗ, ಹೊತ್ತು, ಕಾರಣ ಮತ್ತು ಅದು ಬೆಂಕಿರೇಖೆಯನ್ನು ದಾಟಿದ ಕಡೆಗಳನ್ನು ಆ ವಾರದಲ್ಲಿಯೇ ನಕ್ಷೆಯ ಮೇಲೆ ಗುರುತಿಸಿ, ಮುಂದಿನ ವರ್ಷ ರೇಖೆ ತೆಗೆಯುವ ಕೆಲಸವನ್ನು ಆ ಗುರುತುಗಳಿಂದಲೇ ಆರಂಭಿಸಿ.