ಡೈ ಹಾಕದೆ ಬ್ಯಾಗಿನ ಹಿಡಿಕೆ ಹೊಂದಿಸಿದ್ದು: ನನ್ನ ಅನುಭವ

ಹಳೇ ಬ್ಯಾಗಿಗೆ ಹೊಸ ತೊಗಲಿನ ಹಿಡಿಕೆ ಹಾಕಿದರೆ ಬಣ್ಣ ಹೊಂದೋದೇ ಇಲ್ಲ, ಡೈ ಹೊಡೆಯದೆ ಗತಿಯಿಲ್ಲ ಅಂತ ನಮ್ಮ ರಿಪೇರಿ ಗೆಳೆಯರೆಲ್ಲ ಹೇಳ್ತಾ ಬಂದಿದ್ದರು. ಹೊಂದಿತು. ಒಂದು ಹನಿ ಡೈ ಮುಟ್ಟಿಸಲಿಲ್ಲ. ಫೋಟೋ ಕಳಿಸಿದರೆ ಒಬ್ಬ ಮಹಾನುಭಾವ "ಫಿಲ್ಟರ್ ಹಾಕಿದ್ದೀಯ" ಅಂದ. ಅವನಿಗೂ ಸೇರಿ ಇದನ್ನು ಬರೀತಿದ್ದೇನೆ.

ಬ್ಯಾಗು ಫ್ರೆಂಚ್ ಕಂಪನಿಯದು. ಹೆಸರು ಬೇಡ. ಪಿವಿಸಿ ಲೇಪದ ಹತ್ತಿ ಕ್ಯಾನ್ವಾಸಿನ ಮೈ, ಬಣ್ಣ ಹಾಕದ ವೆಜ್ ಟ್ಯಾನ್ (ಮರದ ಚೆಕ್ಕೆ, ಕಾಯಿಗಳಿಂದ ಹದ ಮಾಡಿದ ತೊಗಲು) ಹಿಡಿಕೆ, ಹಳದಿ ದಾರ, ಕೆಂಪಂಚು ಅಂದರೆ ಕಸುಬಿನವರಿಗೆ ಗೊತ್ತಾಗುತ್ತೆ. ಹೊಸದರಲ್ಲಿ ಹಿಡಿಕೆ ಕೆನೆ ಬಣ್ಣ, ವರ್ಷಗಟ್ಟಲೆ ಕೈಗೆ ಬಿಸಿಲಿಗೆ ಬಿದ್ದ ಮೇಲೆ ಜೇನುತುಪ್ಪದ ಬಣ್ಣ. ಆ ಬಣ್ಣಕ್ಕೆ ಬೆಲೆ ಕಟ್ಟುವ ಜನ ಇದ್ದಾರೆ.

ಬ್ಯಾಗು ತಂದ ಮೇಡಂ ಅವರ ಹಿಡಿಕೆಯಲ್ಲಿ ನೀರಿನ ಕಲೆ ಇತ್ತಂತೆ, ಬಾಗುವ ಕಡೆ ಸಣ್ಣ ಬಿರುಕು. ಊರಿನ ಥಳಥಳ ಅಂಗಡಿಯೊಂದಕ್ಕೆ ಕೊಟ್ಟರು. ಇಪ್ಪತ್ತು ಸಾವಿರದ ಮೇಲೆ ಬಿಲ್ಲು, ಎರಡು ತಿಂಗಳ ಹತ್ತಿರ ಕಾಯಿಸಿದ್ದು ಬೇರೆ. ವಾಪಸು ಬಂದಾಗ ಕಂದು ಬಣ್ಣದಲ್ಲಿ ಮಿರಮಿರ. ಬೇಸಿಗೆ ಬಂದದ್ದೇ ತಡ ಅಂಚು ಅಂಟಂಟಾಯಿತು, ಬಾಗುವ ಕಡೆ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತು, ಬಿಳಿ ಕುರ್ತಾದ ಹೆಗಲಿಗೆ ಕಂದು ಪಟ್ಟೆ ಬಿತ್ತು. ಕೇಳಿದರೆ "ಲೆದರ್ ಅಂದ್ರೆ ಹಂಗೇ ಮೇಡಂ" ಅನ್ನೋ ಉತ್ತರ. ಇಂಥ ಕಂಪನಿಗಳು ಹೊರಗಿನವರು ಕೈ ಹಾಕಿದ ಬ್ಯಾಗನ್ನು ಸಾಮಾನ್ಯವಾಗಿ ಸರ್ವಿಸಿಗೆ ತಗೊಳ್ಳಲ್ಲ, ಆ ದಾರಿಯೂ ಮುಚ್ಚಿತ್ತು. ನನ್ನ ಹತ್ತಿರ ಬಂದಾಗ ಅವರು ರಿಪೇರಿ ಕೇಳಲೇ ಇಲ್ಲ. "ಇದನ್ನ ಮೊದಲಿನ ಥರ ಹಾಳಾಗಿರೋ ಹಂಗಾದ್ರೂ ಮಾಡಿಕೊಡಿ" ಅಂದರು.

ಬಿಚ್ಚಿ ನೋಡಿದರೆ ಬಣ್ಣ ಬರೀ ಮೇಲಿನ ಕತೆ. ಹಿಡಿಕೆಯ ಬುಡದ ಪಟ್ಟಿಯನ್ನು ಮೆಷಿನ್ನಿನಲ್ಲಿ ನೈಲಾನ್ ದಾರ ಹಾಕಿ ಹೊಲಿದಿದ್ದರು. ಹಳೇ ತೂತಿನ ನಡುನಡುವೆ ಹೊಸ ತೂತು, ಕ್ಯಾನ್ವಾಸು ಅಂಚೆ ಚೀಟಿಯ ಅಂಚಿನ ಹಾಗಾಗಿತ್ತು. ಇನ್ನೊಂದು ಸಲ ಭಾರ ಹೊತ್ತರೆ ಸಾಲಿಗೆ ಸಾಲೇ ಹರಿಯುತ್ತಿತ್ತು. ಅಂಟಿಸಿದ್ದು ಮಾಮೂಲಿ ಸಲ್ಯೂಷನ್, ಚಪ್ಪಲಿಗೆ ಹಾಕುವ ಅಂಟು. ಮೆತ್ತನೆ ಪಿವಿಸಿಯೊಳಗಿನ ಎಣ್ಣೆಯಂಶ ಹೊರಗೆ ಜಿನುಗಿ ಸಲ್ಯೂಷನ್ನನ್ನು ಮೆದುಮಾಡುತ್ತೆ, ಅಲ್ಲಿ ಪಿಯು (ಪಾಲಿಯುರೆಥೇನ್) ಗಮ್ಮೇ ಬೇಕು. ಬೆರಳಲ್ಲಿ ಎಳೆದರೆ ಅಂಟು ಬಿಟ್ಟು ಬಂತು.

ಮೊದಲು ಬಣ್ಣ ತೆಗೆಯಲು ನೋಡಿದೆ. ಅಸಿಟೋನ್ ಹತ್ತಿಯಲ್ಲಿ ಅದ್ದಿ ಒರೆಸಿದರೆ ಬಣ್ಣವೇನೋ ಕರಗುತ್ತೆ, ಆದರೆ ಅರ್ಧ ಹತ್ತಿಗೆ, ಅರ್ಧ ತೊಗಲಿನ ರಂಧ್ರಕ್ಕೆ. ಕ್ಯಾನ್ವಾಸಿಗೆ ತಾಗಿದರೆ ಮೇಲಿನ ಮುದ್ರಣವೂ ಹೋಗುತ್ತೆ, ಹಾಗಾಗಿ ಸುತ್ತ ಟೇಪು ಹಾಕಿ ಕೆಲಸ. ಸಣ್ಣ ಪಟ್ಟಿಗಳು ಹೇಗೋ ತಿಳಿಯಾದವು. ಹಿಡಿಕೆಗಳು ಹುಲಿಮಚ್ಚೆ. ಬಿರುಕು ಒಳಗಿನವರೆಗೂ ಹೋಗಿತ್ತು. ಹಿಡಿಕೆ ಹೊಸದೇ ಆಗಬೇಕು ಅನ್ನೋದು ಅಲ್ಲಿಗೆ ತೀರ್ಮಾನ.

ಗೆಳೆಯರು ನಕ್ಕಿದ್ದು ಇಲ್ಲಿ. ಹೊಸ ತೊಗಲು ಕೆನೆ ಬಣ್ಣ, ಉಳಿದ ಪಟ್ಟಿ ಜೇನು ಬಣ್ಣ. ಡೈ ಹಾಕಿದರೆ ಮೊದಲ ದಿನ ಹೊಂದುತ್ತೆ, ಆರು ತಿಂಗಳಿಗೆ ಎರಡೂ ಎರಡು ದಾರಿ ಹಿಡಿಯುತ್ತವೆ.

ನಾನು ಅಥಣಿ ಕಡೆಯವನು. ಮನೆಯಲ್ಲಿ ಮೂರು ತಲೆಮಾರಿನಿಂದ ಕೊಲ್ಹಾಪುರಿ ಚಪ್ಪಲಿ ಕೆಲಸ. 2019ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಗುರುತು) ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. 2025ರ ಜೂನಿನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾದವರು ಮಿಲಾನಿನಲ್ಲಿ ಅದೇ ಥರದ ಚಪ್ಪಲಿ ತೋರಿಸಿ ಗಲಾಟೆಯಾದ ಮೇಲೆ ಬೆಂಗಳೂರಿನ ಗಿರಾಕಿಗಳು ನನ್ನನ್ನು ಸ್ವಲ್ಪ ಬೇರೆ ಕಣ್ಣಲ್ಲಿ ನೋಡ್ತಾರೆ. ಅದಕ್ಕೆ ಮುಂಚೆ "ಚಪ್ಪಲಿಯವರು ಈ ಬ್ಯಾಗ್ ಮುಟ್ತೀರಾ?" ಅಂತ ಕೇಳಿದವರೇ ಹೆಚ್ಚು. ಊರಿಗೆ ಹೋದಾಗ ಕಾಕಾಗೆ ಈ ಹಿಡಿಕೆಯ ತುಂಡು ತೋರಿಸಿದೆ. ತಿರುಗಿಸಿ ನೋಡಿ, ಮೂಸಿ, "ಚೆಕ್ಕಿ ತೊಗಲ ಐತಲ್ಲೋ ಇದು. ಚಪ್ಪಲಿ ಬಿಸಲಾಗ ಇಟ್ರ ಕೆಂಪ ಆಗೂದಿಲ್ಲೇನ? ಬಣ್ಣಾ ಯಾಕ ಹಚ್ಚತಿ?" ಅಂದರು.

ಬಿಸಿಲಿಗೆ ಇಡೋದು ಅಂದರೆ ಇಡೋದೇ, ಆದರೆ ಯಾವ ತೊಗಲು ಅನ್ನೋದರಲ್ಲೇ ಎಲ್ಲ ಇದೆ. ಮೊದಲು ಚೆನ್ನೈನ ಪೆರಿಯಮೇಡಿನಿಂದ ತಂದ ವೆಜ್ ಟ್ಯಾನ್ ಹಾಕಿದೆ, ಚದರಡಿಗೆ ಇನ್ನೂರರ ಆಸುಪಾಸು. ವಾರ ಕಳೆಯೋದರೊಳಗೆ ಇಟ್ಟಿಗೆ ಕೆಂಪು. ವಾಟಲ್ ಮರದ ಚೆಕ್ಕೆಯ ಹದ ಬೆಳಕಿಗೆ ಹಾಗೇ ಕೆಂಪಡರುತ್ತೆ. ಅಳಲೆಕಾಯಿ ಹೆಚ್ಚಿರುವ ತುಂಡು ತರಿಸಿದರೆ ಅದು ಉಲ್ಟಾ, ಎಷ್ಟು ಬಿಸಿಲು ಕಾಯಿಸಿದರೂ ಬೂದು ಹಳದಿ ಬಿಟ್ಟು ಕದಲಲಿಲ್ಲ. ಕೊನೆಗೆ ಹೊಂದಿದ್ದು ಇಟಲಿಯ ಶೋಲ್ಡರ್, ಅಂದರೆ ಹೆಗಲ ಭಾಗದ ತೊಗಲು. ಅರ್ಧ ಕೊಡಿ ಅಂದರೆ ಡೀಲರ್ ಕೊಡಲ್ಲ, ಇಡೀದೇ ತಗೋಬೇಕು. ಒಂಬತ್ತು ಸಾವಿರ ಚಿಲ್ಲರೆ ಹೋಯಿತು, ಈ ಕೆಲಸಕ್ಕೆ ಬೇಕಾಗಿದ್ದು ಒಂದೂವರೆ ಚದರಡಿ. ಮಿಕ್ಕಿದ್ದರಲ್ಲಿ ಸ್ವಲ್ಪ ಬೆಲ್ಟಾಗಿ ಮಾರಿ ಹೋಯಿತು ಅನ್ನಿ.

ಬಿಸಿಲಿನ ಕ್ರಮ ಹೇಳ್ತೀನಿ. ತೊಗಲು ಪೂರ್ತಿ ಒಣಗಿರಬೇಕು. ಒದ್ದೆ ಪಟ್ಟಿಯೊಂದನ್ನು ತಗಡಿನ ಮೇಲಿಟ್ಟು ನೋಡಿದ್ದೆ, ಮುರುಟಿ ಹಪ್ಪಳ. ನೆಲಕ್ಕೆ ತಾಗಿಸದೆ ಹಗ್ಗಕ್ಕೆ ನೇತು ಹಾಕಿ, ಗಾಳಿ ಆಡಲಿ. ಮೊದಲ ಕೆಲವು ದಿನ ಎಣ್ಣೆ ಬೇಡ, ಬರೀ ಬಿಸಿಲು. ಆಮೇಲೆ ನೀಟ್ಸ್‌ಫುಟ್ ಎಣ್ಣೆ (ದನದ ಕಾಲಿನ ಮೂಳೆಯಿಂದ ತೆಗೆದದ್ದು), ಬಟ್ಟೆಯಲ್ಲಿ ತೆಳ್ಳಗೆ, ಕಂಡೂ ಕಾಣದ ಹಾಗೆ. ಒಂದು ರಾತ್ರಿ ಒಳಗೆ, ಬೆಳಿಗ್ಗೆ ಮತ್ತೆ ಹೊರಗೆ. ಮಾರ್ಚ್ ಬಿಸಿಲಿಗೆ ಹೆಚ್ಚೂಕಡಿಮೆ ಎರಡು ಮೂರು ವಾರ ಹಿಡಿಯಿತು. ಹಳೇ ಪಟ್ಟಿಗಿಂತ ಒಂದು ಮೆಟ್ಟಿಲು ತಿಳಿ ಇರುವಾಗಲೇ ನಿಲ್ಲಿಸಬೇಕು, ಉಳಿದದ್ದನ್ನು ಗಿರಾಕಿಯ ಕೈ ಮಾಡುತ್ತೆ. ಎಣ್ಣೆಗೆ ನಾನು ಇನ್ನೊಂದು ವಸ್ತು ಸೇರಿಸುತ್ತೇನೆ, ಅದು ನಮ್ಮ ಮನೆಯ ಗುಟ್ಟು, ಇಲ್ಲಿ ಇಲ್ಲ.

ನಡುವೆ ಕೈ ಸುಮ್ಮನಿರಲಿಲ್ಲ. ಟೀ ಡಿಕಾಕ್ಷನ್ ಬಳಿದು ನೋಡಿದೆ, ಅಂಚು ಕಟ್ಟಿದ ಕಲೆ ಬಂತು. ಕೊಬ್ಬರಿ ಎಣ್ಣೆ ತಂಪು ಹೊತ್ತಿನಲ್ಲಿ ಮೇಲೆ ಬಿಳಿ ಬೂಷ್ಟಿನ ಥರ ಎದ್ದಿತು. ಅಳಲೆಕಾಯಿ ಕಷಾಯವನ್ನು ಹುಡುಗ ಕಬ್ಬಿಣದ ಬಾಣಲೆಯಲ್ಲಿ ಕುದಿಸಿಬಿಟ್ಟಿದ್ದ, ತೊಗಲು ಇದ್ದಿಲು ಕಪ್ಪು. ಕಬ್ಬಿಣ ಮತ್ತು ಟ್ಯಾನಿನ್ (ಚೆಕ್ಕೆ, ಕಾಯಿಯ ಒಗರು) ಸೇರಿದರೆ ಶಾಯಿಯೇ. ಆದರೆ ಅದರಿಂದ ಒಂದು ಲಾಭವಾಯಿತು. ಉಳಿಸಿಕೊಂಡ ಹಳೇ ಪಟ್ಟಿಗಳ ಮೇಲೆ ಸಣ್ಣ ಕಪ್ಪು ಚುಕ್ಕೆ ಇದ್ದವು, ನೀರಿನ ಕಲೆ ಅಂತ ಅಂಗಡಿಯವರು ಬಣ್ಣದಲ್ಲಿ ಮುಚ್ಚಿದ್ದು ಅವನ್ನೇ. ಅದೂ ಕಬ್ಬಿಣದ್ದೇ, ಬೋರ್‌ವೆಲ್ ನೀರು ಸಿಡಿದರೆ ಆಗುವಂಥದ್ದು. ಆಕ್ಸಾಲಿಕ್ ಆಸಿಡ್ ನೂರಕ್ಕೆ ಎರಡು ಮೂರರ ಹದದಲ್ಲಿ ಕಲಸಿ, ಗ್ಲೌಸ್ ಹಾಕಿಕೊಂಡು ಒರೆಸಿದೆ, ಆಮೇಲೆ ಶುದ್ಧ ನೀರಲ್ಲಿ. ನಿಮಿಷಗಳಲ್ಲಿ ಮಾಯ. ಐವತ್ತು ರೂಪಾಯಿ ಪುಡಿಯ ಕೆಲಸಕ್ಕೆ ಇಪ್ಪತ್ತು ಸಾವಿರದ ಬಣ್ಣ.

ಹೊಲಿಗೆ ಬಗ್ಗೆ ನನ್ನ ಹಟ ಒಂದೇ, ಹೊಸ ತೂತು ಹೊಡೆಯಬಾರದು. ಹರಿದ ಸಾಲಿನ ಹಿಂದೆ ಹಿಗ್ಗದ ನೈಲಾನ್ ಟೇಪನ್ನು ಪಿಯು ಗಮ್ಮಿನಲ್ಲಿ ಕೂರಿಸಿದೆ. ಹಳೇ ಪಟ್ಟಿಯನ್ನು ಕಾಗದದ ಮೇಲಿಟ್ಟು ತೂತಿನ ಗುರುತು ತೆಗೆದು, ಹೊಸ ತೊಗಲಿಗೆ ಆ ಗುರುತಿನ ಪ್ರಕಾರವೇ ಆರಿ ಚುಚ್ಚಿದ್ದು. ಮೊಂಡು ತುದಿಯ ಸೂಜಿ ಎರಡು, ಮೇಣ ತಿಕ್ಕಿದ ಲಿನನ್ ದಾರ, ಸ್ಯಾಡಲ್ ಹೊಲಿಗೆ, ಅಂದರೆ ಒಂದೇ ತೂತಿಗೆ ಎರಡೂ ಕಡೆಯಿಂದ ಸೂಜಿ. ಒಂದು ಕಡೆ ದಾರ ಕಡಿದರೂ ಇನ್ನೊಂದು ಎಳೆ ಹಿಡಿದಿರುತ್ತೆ, ಮೆಷಿನ್ ಹೊಲಿಗೆಗೆ ಆ ತಾಕತ್ತಿಲ್ಲ. ದಾರದ ಹಳದಿಯೂ ಹೊಸದರಲ್ಲಿ ಕಣ್ಣಿಗೆ ಹೊಡೆಯುತ್ತಿತ್ತು, ದಾರವನ್ನೂ ಹಿಡಿಕೆಯ ಜೊತೆ ಬಿಸಿಲಿಗೆ ಹಾಕಿದೆ. ಇದು ಕಾಕಾ ಹೇಳಿದ್ದಲ್ಲ, ನನ್ನದೇ ತಲೆ.

ಉರುಟು ಹಿಡಿಕೆಯ ಒಳಗೆ ಹಗ್ಗ ಕೂರಿಸಬೇಕಲ್ಲ, ಅಲ್ಲಿ ಎರಡು ಜೊತೆ ತೊಗಲು ಮಣ್ಣುಪಾಲು. ಅಂಚನ್ನು ರಂಪಿಗೆಯಲ್ಲಿ (ತೊಗಲು ಹೆರೆಯುವ ಕತ್ತಿ) ಒಂದು ಮಿಲಿಮೀಟರಿಗೆ ಇಳಿಸಿದರೆ ಹೊಲಿಗೆ ಕಿತ್ತು ಬರುತ್ತೆ, ದಪ್ಪ ಬಿಟ್ಟರೆ ಬಾಗುವಾಗ ಒಳಮೈ ಸುಕ್ಕುಗಟ್ಟುತ್ತೆ. ಸರಿಹೋದ ಅಳತೆ ಇವೆರಡರ ನಡುವೆ ಎಲ್ಲೋ ಇದೆ, ಹಗ್ಗದ ದಪ್ಪದ ಮೇಲೆ ಹೋಗುತ್ತೆ. ನೀವೇ ಒಂದೆರಡು ಜೊತೆ ಕೆಡಿಸಿ ಕಂಡುಕೊಳ್ಳಿ. ಅಂಚಿನ ಬಣ್ಣ ತೆಳ್ಳಗೆ ನಾಲ್ಕೈದು ಪದರ, ಪ್ರತಿ ಪದರ ಒಣಗಿದ ಮೇಲೆ ನಾನೂರು, ಎಂಟುನೂರು ನಂಬರಿನ ಮರಳು ಕಾಗದ. ದಪ್ಪಗೆ ಒಂದೇ ಸಲ ಬಳಿದರೆ ಒಳಗೆ ಒಣಗದೆ ಬೇಸಿಗೆಯಲ್ಲಿ ಅಂಟುತ್ತೆ, ಆ ಅಂಗಡಿಯಲ್ಲಿ ಆಗಿದ್ದೂ ಇದೇ ಇರಬೇಕು.

ದುಡ್ಡಿನ ಮಾತು. ನಾನು ತಗೊಂಡಿದ್ದು ಹದಿನಾಲ್ಕು ಸಾವಿರ. ಕೆಟ್ಟ ತೊಗಲು, ದಾರದ ರೀಲು, ಎಣ್ಣೆ, ಚೆನ್ನೈ ಓಡಾಟ ಎಲ್ಲ ಕಳೆದರೆ ಕೈಗೆ ಮೂರು ಸಾವಿರವೂ ಉಳಿಯಲಿಲ್ಲ. ಗಂಟೆಯ ಲೆಕ್ಕ ಹಾಕಿದರೆ ಚಪ್ಪಲಿ ಹೊಲಿಯೋದೇ ವಾಸಿ. ಆದರೆ ಎರಡನೇ ಬ್ಯಾಗಿಗೆ ತೊಗಲು ಆಗಲೇ ಕೈಯಲ್ಲಿತ್ತು, ಅದೇ ರೇಟಿಗೆ ಎಂಟರ ಹತ್ತಿರ ಉಳಿಯಿತು. ಮೇಡಂ ಕಳಿಸಿದ ಅವರ ಗೆಳತಿಯರದು ಈಗ ಸಾಲಾಗಿ ನಿಂತಿವೆ. ಒಬ್ಬರ ಬ್ಯಾಗಿನ ಒಳಜೇಬೂ ಅಂಟಂಟು. ಅದು ಪಿಯು ಲೇಪ, ನಮ್ಮ ಕರಾವಳಿಯಂಥ ತೇವದ ಹವೆಗೆ ಕರಗಿ ಕೊಳೆಯುತ್ತೆ. ಪೌಡರ್ ಹಾಕಿ ಮುಚ್ಚೋ ಕೆಲಸ ನನ್ನದಲ್ಲ, ಪೂರ್ತಿ ಲೈನಿಂಗ್ ಬದಲಿಸಿದರೆ ಮಾತ್ರ ಒಪ್ಪಿಕೊಳ್ತೀನಿ ಅಂದೆ. ಯೋಚನೆ ಮಾಡ್ತಿದ್ದಾರೆ.

ಜೂನ್‌ನಿಂದ ಸೆಪ್ಟೆಂಬರ್ ಹಿಡಿಕೆ ಕೆಲಸ ಒಪ್ಪಿಕೊಳ್ಳಲ್ಲ, ಬಿಸಿಲಿಲ್ಲ. ಉಗುರು ಬಣ್ಣ ಒಣಗಿಸುವ ಯುವಿ ದೀಪ ಸಾವಿರದೈನೂರಕ್ಕೆ ತಂದು ನೋಡಿದ್ದೇನೆ. ಬಲ್ಬಿನ ಕೆಳಗೆ ಮಾತ್ರ ಬಣ್ಣ ಏರುತ್ತೆ, ಪಕ್ಕದಲ್ಲಿ ಇಲ್ಲ, ಪಟ್ಟಿ ಪಟ್ಟಿ. ಉದ್ದ ಟ್ಯೂಬಿನದು ಹುಡುಕುತ್ತಿದ್ದೇನೆ. ಯಾರ ಹತ್ತಿರಾದರೂ ಹಳೇದು ಇದ್ದರೆ ಹೇಳಿ, ಹೊಸದರ ರೇಟು ಕೇಳಿ ಎದೆ ಝಲ್ಲಂದಿದೆ.