ಮಸುಕಾದ ಚಿತ್ರ, ವಾಪಸ್ ಬಂದ ಪೇಪರ್

ಜೋಳದ ಎಲೆಯ ಪತ್ರರಂಧ್ರಗಳ ಬಗ್ಗೆ ನಾನು ಬರೆದ ಮೊದಲ ಪೇಪರ್ ಎರಡೇ ದಿನಕ್ಕೆ ಜರ್ನಲ್‌ನಿಂದ ವಾಪಸ್ ಬಂತು. ಚಿತ್ರಗಳು ಮಸುಕಾಗಿವೆ, 300 ಡಿಪಿಐ (ಇಂಚಿಗೆ 300 ಚುಕ್ಕೆ) ಬೇಕು ಅಂತ ಒಂದೇ ಸಾಲು. ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ 300 ಅಂತ ಹಾಕಿ ಮತ್ತೆ ಕಳಿಸಿದೆ. ಮತ್ತೆ ವಾಪಸ್. ತುಂಬಾ ಬೇಜಾರಾಯಿತು.

ಪುಣೆಯ ಪಾಷಾಣ್‌ನಲ್ಲಿ ನನ್ನ ಪಕ್ಕದ ರೂಮಿನಲ್ಲಿ ಧಾರವಾಡದ ಅಕ್ಕ ಇದ್ದಾರೆ, ಪಿಎಚ್‌ಡಿ ಮುಗಿಸಿದವರು. ಅವರು ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಅಳತೆ ಗೆರೆಯ ಪಕ್ಕದ '10 ಮೈಕ್ರಾನ್' ಅನ್ನೋದು '18' ಅಂತ ಕಾಣುತ್ತಿತ್ತು.

"ಇದನ್ನ ಎಲ್ಲಿಂದ ತಗೊಂಡಿ?"

"ವರ್ಡ್ ಫೈಲಿಂದ ಅಕ್ಕಾ."

"ಅಲ್ಲೇ ತಪ್ಪಾಗೇತಿ ನೋಡು."

ವರ್ಡ್ ಫೈಲ್ ಉಳಿಸುವಾಗ ಚಿತ್ರ ಕುಗ್ಗುತ್ತದೆ, ಸೆಟ್ಟಿಂಗ್ ಬದಲಿಸದಿದ್ದರೆ ಸಾಮಾನ್ಯವಾಗಿ 220 ಪಿಪಿಐಗೆ, ಅಂದರೆ ಇಂಚಿಗೆ 220 ಪಿಕ್ಸೆಲ್‌ಗೆ. ಹೋದ ಪಿಕ್ಸೆಲ್ ಸುಮ್ನೆ ಅಂಕಿ ಬದಲಿಸಿದರೆ ವಾಪಸ್ ಬರೋದಿಲ್ಲ. ಹಾಗಾಗಿ ಮೈಕ್ರೋಸ್ಕೋಪಿನ ಮೂಲ ಟಿಫ್ ಫೈಲ್ ತೆಗೆದೆ. ಆ ಜರ್ನಲ್‌ನ ಕಾಲಂ ಅಗಲ 85 ಮಿಲಿಮೀಟರ್. ಒಂದು ಇಂಚು ಅಂದರೆ 25.4 ಮಿಲಿಮೀಟರ್, ಹಾಗಾಗಿ ಅದನ್ನು 25.4ರಿಂದ ಭಾಗಿಸಿ 300ರಿಂದ ಗುಣಿಸಿದರೆ ಸುಮಾರು 1004 ಪಿಕ್ಸೆಲ್. ನನ್ನ ಮೂಲ ಚಿತ್ರದ ಅಗಲ 2048 ಪಿಕ್ಸೆಲ್ ಇತ್ತು, ಬೇಕಾದ್ದಕ್ಕಿಂತ ಜಾಸ್ತೀನೇ ಅಲ್ವಾ! ಅಳತೆ ಗೆರೆ ಹೊಸದಾಗಿ ಎಳೆದೆ. ಗ್ರಾಫ್‌ಗಳನ್ನು ನೇರವಾಗಿ ಪಿಡಿಎಫ್ ಆಗಿ ಉಳಿಸಿದೆ, ಎಷ್ಟು ಹಿಗ್ಗಿಸಿದರೂ ಗೆರೆ ಒಡೆಯೋದಿಲ್ಲ.

ಸೋಮವಾರ ಪೇಪರ್ ವಿಮರ್ಶಕರಿಗೆ ಹೋಗಿದೆ ಅಂತ ಮೇಲ್ ಬಂತು. ಮೊದಲು ಅಕ್ಕನ ಬಾಗಿಲು ತಟ್ಟಿದೆ.